ವಿಮಾನ ಏಳುವ ಗಂಟೆಯಿಂದ ಹಿಂದಕ್ಕೆ ಎಣಿಸಿ: ನಿರ್ಬಂಧದ ಕಾಲದಲ್ಲಿ ಉತ್ತರ ಕನ್ನಡದಿಂದ ಪರದೇಶಕ್ಕೆ

ಕೋವಿಡ್‌ನಿಂದಾಗಿ 2020ರ ಮಾರ್ಚ್ 23ಕ್ಕೆ ನಿಂತ ನಿಗದಿತ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಪೂರ್ತಿಯಾಗಿ ಹಾರಿದ್ದು 2022ರ ಮಾರ್ಚ್ 27ರಂದು. ಭಾರತಕ್ಕೆ ಬರುವವರೆಲ್ಲ ತುಂಬಬೇಕಿದ್ದ ಏರ್ ಸುವಿಧಾ ಅರ್ಜಿ ಅದೇ ವರ್ಷದ ನವೆಂಬರ್ 22ಕ್ಕೆ ರದ್ದಾಯಿತು. ಇನ್ನು ಈ ರಗಳೆ ಮುಗಿಯಿತು ಎಂದು ಜನ ಉಸಿರು ಬಿಡುವಷ್ಟರಲ್ಲಿ, ಆರು ವಾರವೂ ಕಳೆಯದೆ, 2023ರ ಜನವರಿ 1ರಿಂದ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಥಾಯ್ಲೆಂಡ್, ಹಾಂಗ್‌ಕಾಂಗ್‌ಗಳಿಂದ ಬರುವವರಿಗೆ ಅದೇ ಅರ್ಜಿ, ಹೊರಡುವ ಮುಂಚಿನ 72 ಗಂಟೆಯೊಳಗಿನ ಅದೇ ಕೋವಿಡ್ ಪರೀಕ್ಷೆ ಮರಳಿ ಬಂತು. ನಿರ್ಬಂಧ ಬರುವುದೇ ಹೀಗೆ, ಕೆಲವೇ ದಿನಗಳ ಮುನ್ಸೂಚನೆಯಲ್ಲಿ. ಆಗ ಅಂತರ್ಜಾಲದಲ್ಲಿ ಸಿಗುವ ಸಲಹೆಯೆಲ್ಲ ದೊಡ್ಡ ವಿಮಾನ ನಿಲ್ದಾಣದ ಪಕ್ಕದಲ್ಲೇ ಮನೆ ಇರುವವರಿಗೆ ಬರೆದದ್ದು. ಭಟ್ಕಳ, ಹೊನ್ನಾವರ, ಕಾರವಾರ, ಶಿರಸಿಯವರ ಲೆಕ್ಕ ಬೇರೆ. ಅವರ ಪರೀಕ್ಷಾ ವರದಿಯ ಅರ್ಧ ಆಯುಷ್ಯ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಆದ್ದರಿಂದ ಇಲ್ಲಿ ಹೇಳುವುದರ ತಿರುಳು ಒಂದೇ: ಕೈಯಲ್ಲಿರುವ ಒಂದೊಂದು ಕಾಗದಕ್ಕೂ ಒಂದೊಂದು ಗಡಿಯಾರ ಇದೆ, ಅವೆಲ್ಲ ಬೇರೆ ಬೇರೆ ಹೊತ್ತಿಗೆ ಓಡಲು ಶುರುವಾಗುತ್ತವೆ. ಮನೆಯಿಂದ ಮುಂದಕ್ಕೆ ಎಣಿಸಿದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ. ವಿಮಾನ ಏಳುವ ಗಂಟೆಯಿಂದ ಹಿಂದಕ್ಕೆ ಎಣಿಸಿಕೊಂಡು ಮನೆಗೆ ಬನ್ನಿ.

ಮೊದಲ ಹೆಜ್ಜೆ: ಯಾರ ನಿಯಮ ಎಂದು ತಿಳಿಯಿರಿ

ಒಂದು ಪ್ರಯಾಣಕ್ಕೆ ಕನಿಷ್ಠ ನಾಲ್ಕು ಕಡೆಯ ನಿಯಮ ಅಂಟಿಕೊಂಡಿರುತ್ತದೆ: ಹೋಗಿ ಇಳಿಯುವ ದೇಶದ್ದು, ನಡುವೆ ವಿಮಾನ ಬದಲಿಸುವ ದೇಶದ್ದು, ವಿಮಾನ ಕಂಪನಿಯದ್ದು, ವಿಮಾನ ನಿಲ್ದಾಣ ಇರುವ ರಾಜ್ಯದ್ದು. ಜನ ಮೊದಲನೆಯದನ್ನು ಮಾತ್ರ ಓದುತ್ತಾರೆ. ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ. ನಡುವಿನ ದೇಶದಲ್ಲಿ ಎರಡು ಗಂಟೆ ಕುಳಿತು ಇನ್ನೊಂದು ವಿಮಾನ ಹತ್ತುವವರಿಗೂ ಆ ದೇಶ ತನ್ನದೇ ಪರೀಕ್ಷೆ ಕೇಳಬಹುದು. 2020ರ ಜುಲೈಯಿಂದ ನಡೆದ ಏರ್ ಬಬಲ್ ವ್ಯವಸ್ಥೆಯಲ್ಲಂತೂ ಎರಡು ದೇಶಗಳ ನಡುವೆ ಯಾರು ಹಾರಬಹುದು ಎಂಬುದೇ ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತಿತ್ತು, ಮೂರನೆಯ ದೇಶಕ್ಕೆ ಮುಂದುವರಿಯಲು ಎಲ್ಲ ಕಡೆ ಅವಕಾಶ ಇರಲಿಲ್ಲ.

ಕೊನೆಯ ಮಾತು ಚೆಕ್‌ಇನ್ ಕೌಂಟರಿನಲ್ಲಿ ಕೂತವರದ್ದು. ಅವರು ನೋಡುವುದು ಟಿಮ್ಯಾಟಿಕ್ ಎಂಬ ದತ್ತಾಂಶವನ್ನು. ಯಾವ ದೇಶದ ಪಾಸ್‌ಪೋರ್ಟಿನವರು ಎಲ್ಲಿಗೆ ಹೋಗಲು ಏನೇನು ಬೇಕು ಎಂಬುದನ್ನು ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಅಯಾಟಾ ಅದರಲ್ಲಿ ಕೂಡಿಸಿ ಇಡುತ್ತದೆ. ಕಾಗದ ಸರಿಯಿಲ್ಲದವರನ್ನು ಹೊತ್ತುಕೊಂಡು ಹೋದರೆ ಅವರನ್ನು ವಾಪಸ್ ತರುವ ಹೊಣೆ ವಿಮಾನ ಕಂಪನಿಯ ಮೇಲೆ ಬೀಳುತ್ತದೆ, ಹಲವು ದೇಶಗಳಲ್ಲಿ ದಂಡವೂ ಇದೆ. ಸಂಶಯ ಬಂದರೆ ಅವರು ಹತ್ತಿಸದೇ ಇರುವುದು ಇದಕ್ಕೇ. ಅಲ್ಲಿ ವಾದ ಮಾಡಿ ಗೆದ್ದವರು ಕಡಿಮೆ. ಹೋಗುವ ದೇಶದ ಸರ್ಕಾರಿ ತಾಣದಲ್ಲಿರುವ ನಿಯಮದ ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿ ಇಟ್ಟುಕೊಳ್ಳಿ. ಕೌಂಟರಿನವರು ಮೇಲಿನವರನ್ನು ಕೇಳಿ ನೋಡಲು ಅದೊಂದು ಆಧಾರವಾಗುತ್ತದೆ.

ನಿಯಮವನ್ನು ಮೂರು ಸಲ ಓದಿ: ಟಿಕೆಟ್ ಕೊಳ್ಳುವ ಮೊದಲು, ಹೊರಡಲು ಒಂದು ವಾರ ಇರುವಾಗ, ಪರೀಕ್ಷೆಗೆ ಮಾದರಿ ಕೊಡುವ ಹಿಂದಿನ ದಿನ. ವಾಟ್ಸ್ಆಪಿನಲ್ಲಿ ತಿರುಗುವ ಸುತ್ತೋಲೆಯ ಚಿತ್ರವನ್ನು ನಂಬಬೇಡಿ. ಅದು ಸುಳ್ಳೇ ಆಗಬೇಕಿಲ್ಲ, ಹಳೆಯದಾಗಿದ್ದರೂ ಸಾಕು, ಪ್ರಯಾಣ ಕೆಡುತ್ತದೆ.

ಎರಡನೆಯದು: ಹೆಸರು

ಇದಕ್ಕೆ ಗಡಿಯಾರವಲ್ಲ, ಕ್ಯಾಲೆಂಡರ್ ಬೇಕು. ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನು ಮುಗಿಸಿ.

ನಮ್ಮ ಕಡೆ ಒಬ್ಬರ ಹೆಸರು ಮೂರು ಕಡೆ ಮೂರು ರೀತಿ ಇರುತ್ತದೆ. ಆಧಾರಿನಲ್ಲಿ ಗಣಪತಿ ಎಸ್. ಹೆಗಡೆ, ಪಾಸ್‌ಪೋರ್ಟಿನಲ್ಲಿ ಗಣಪತಿ ಸುಬ್ರಾಯ ಹೆಗಡೆ, ಟಿಕೆಟಿನಲ್ಲಿ ಗಣಪತಿ ಹೆಗಡೆ. ಅದೇ ಹೆಗಡೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ‘ಜಿ’ ಆದ ಮೇಲೆ ‘ಎ’ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ನಾಯ್ಕ ಮತ್ತು ನಾಯಕ, ಭಟ್ ಮತ್ತು ಭಟ್ಟ, ಮೊಹಮ್ಮದ್‌ನ ಐದಾರು ಬಗೆಯ ಸ್ಪೆಲಿಂಗ್, ಮದುವೆಗೆ ಮುಂಚಿನ ಹೆಸರು, ಎಲ್ಲ ಇದೇ ತಾಪತ್ರಯ. ಊರಿನಲ್ಲಿ ಇದರಿಂದ ಏನೂ ಆಗುವುದಿಲ್ಲ. ಕೌಂಟರಿನಲ್ಲಿ ಆ ಮೂರು ಹೆಸರಿನ ಗಣಪತಿ ಮೂವರು ಬೇರೆ ಬೇರೆ ಜನ.

ಅಳತೆಗೋಲು ಪಾಸ್‌ಪೋರ್ಟ್ ಒಂದೇ. ಟಿಕೆಟ್, ವೀಸಾ, ಲಸಿಕೆ ಪ್ರಮಾಣಪತ್ರ, ಪರೀಕ್ಷಾ ವರದಿ, ವಿಮೆ ಇವೆಲ್ಲ ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ಕೂಡಬೇಕು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುವವರು ಇನ್ನೂ ಎಚ್ಚರ ವಹಿಸಬೇಕು. 2022ರ ನವೆಂಬರಿನಿಂದ ಯುಎಇ ದೇಶ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನವರಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶ ಇಲ್ಲವೆಂದಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದು ಎಂಬ ಸ್ಪಷ್ಟನೆ ಆಮೇಲೆ ಬಂತು. ಇದು ಸೋಂಕಿಗೆ ಸಂಬಂಧಿಸಿದ ನಿಯಮವಲ್ಲ, ಆದರೂ ನಿರ್ಬಂಧದ ಗಡಿಬಿಡಿಯಲ್ಲಿ ಇಂಥದೇ ಮೊದಲು ಮರೆತುಹೋಗುವುದು.

ಲಸಿಕೆ ಪ್ರಮಾಣಪತ್ರದಲ್ಲಿ ಹೆಸರು ತಪ್ಪಿದ್ದರೆ ಕೋವಿನ್ ತಾಣದಲ್ಲಿ ಲಾಗಿನ್ ಆಗಿ, ದೂರು ದಾಖಲಿಸುವ ವಿಭಾಗದಲ್ಲಿ ತಿದ್ದುಪಡಿ ಕೇಳುವ ವ್ಯವಸ್ಥೆ ಇತ್ತು. ಪಾಸ್‌ಪೋರ್ಟ್ ಸಂಖ್ಯೆ ಜೋಡಿಸುವ ಆಯ್ಕೆ ಇದ್ದದ್ದೂ ಅಲ್ಲೇ. ಅನುಕ್ರಮ ಮುಖ್ಯ: ಮೊದಲು ಹೆಸರು ತಿದ್ದಿಸಿ, ಆಮೇಲೆ ಪಾಸ್‌ಪೋರ್ಟ್ ಸಂಖ್ಯೆ ಜೋಡಿಸಿ, ಕೊನೆಗೆ ಹೊಸ ಪ್ರತಿ ಇಳಿಸಿಕೊಳ್ಳಿ. ಮೊದಲೇ ಇಳಿಸಿಟ್ಟ ಹಳೆಯ ಪ್ರತಿಯನ್ನು ಮೊಬೈಲಿನಿಂದ ಅಳಿಸಿಬಿಡಿ, ಅವಸರದಲ್ಲಿ ಅದನ್ನೇ ತೋರಿಸುವುದುಂಟು. ಕೋವಿನ್ ಪ್ರಮಾಣಪತ್ರದಲ್ಲಿ ಮೊದಲು ಬರೀ ವಯಸ್ಸು ಇರುತ್ತಿತ್ತು. ಪರದೇಶಕ್ಕೆ ಹೋಗುವವರಿಗೆ ಪೂರ್ತಿ ಜನ್ಮದಿನಾಂಕ ಇರುವ ಬೇರೆ ನಮೂನೆ ಕೊಡಲು ಶುರುಮಾಡಿದ್ದು 2021ರಲ್ಲಿ. ಯಾವ ನಮೂನೆ ನಿಮ್ಮ ಕೈಯಲ್ಲಿದೆ ಎಂದು ತೆರೆದು ನೋಡಿ.

ಲಸಿಕೆ: ಯಾವುದು, ಯಾವಾಗ

ಎಷ್ಟು ಡೋಸ್ ಎಂಬುದಕ್ಕಿಂತ ಯಾವ ಲಸಿಕೆ, ಕೊನೆಯ ಡೋಸ್ ಆಗಿ ಎಷ್ಟು ದಿನ ಎಂಬುದನ್ನು ದೇಶಗಳು ಕೇಳುತ್ತವೆ. ಬಹಳ ದೇಶಗಳು 14 ದಿನ ಕಳೆದಿರಬೇಕು ಎಂದಿದ್ದವು. ಕೋವ್ಯಾಕ್ಸಿನ್ ಹಾಕಿಸಿಕೊಂಡವರು 2021ರ ನವೆಂಬರ್ 3ರ ತನಕ ಕಾಯಬೇಕಾಯಿತು, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೆ ಅದು ಸೇರಿದ್ದು ಆ ದಿನ. ಕೋವಿಶೀಲ್ಡ್ ಅದಕ್ಕಿಂತ ಬಹಳ ಮೊದಲು, ಅದೇ ವರ್ಷದ ಫೆಬ್ರವರಿಯಲ್ಲೇ ಪಟ್ಟಿಯಲ್ಲಿತ್ತು. ಆದರೂ ಭಾರತದ ಪ್ರಮಾಣಪತ್ರವನ್ನು ಬ್ರಿಟನ್ ಒಪ್ಪಿ ಕ್ವಾರಂಟೈನ್ ಬಿಟ್ಟದ್ದು ಅಕ್ಟೋಬರ್ 11ರಿಂದ. ಲಸಿಕೆಯನ್ನು ಒಪ್ಪುವುದು ಬೇರೆ, ಅದರ ಕಾಗದವನ್ನು ಒಪ್ಪುವುದು ಬೇರೆ. ಎರಡನ್ನೂ ಕೇಳಿ ತಿಳಿಯಿರಿ.

ಇನ್ನೊಂದು ಸಂಗತಿ ಓದಲು, ದುಡಿಯಲು ಹೋಗುವವರಿಗೆ. 2021ರ ಮೇನಲ್ಲಿ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರ 12–16 ವಾರಗಳಷ್ಟಕ್ಕೆ ಏರಿತು. ಆಗ ಎಷ್ಟೋ ಜನರ ಸೀಟು, ನೌಕರಿ ತಪ್ಪುವ ಸ್ಥಿತಿ ಬಂದಿತ್ತು. ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳು, ಪರದೇಶದಲ್ಲಿ ಕೆಲಸ ಸಿಕ್ಕವರು, ಒಲಿಂಪಿಕ್ಸ್‌ಗೆ ಹೋಗುವವರಿಗೆ 28 ದಿನ ಆದ ಮೇಲೆ ಎರಡನೆಯ ಡೋಸ್ ಕೊಡಲು ಒಪ್ಪಿತು. ಪ್ರವೇಶ ಪತ್ರ, ವೀಸಾ ಅಥವಾ ನೇಮಕಾತಿ ಪತ್ರ ತೋರಿಸಬೇಕಿತ್ತು. ಇಂಥ ವಿನಾಯಿತಿ ಯಾವ ನಿರ್ಬಂಧದಲ್ಲೂ ಇರುತ್ತದೆ, ಆದರೆ ತಾನಾಗಿ ಯಾರೂ ಕರೆದು ಕೊಡುವುದಿಲ್ಲ. ತಾಲೂಕು ಆರೋಗ್ಯಾಧಿಕಾರಿ ಕಚೇರಿಗೆ ಮೂಲ ಕಾಗದ ಮತ್ತು ಎರಡು ಜೆರಾಕ್ಸ್ ಹಿಡಿದುಕೊಂಡು ಹೋಗಿ ಬಾಯಿಬಿಟ್ಟು ಕೇಳಬೇಕು.

ಯಾವ ವಿಮಾನ ನಿಲ್ದಾಣ

ಕಾರವಾರದವರಿಗೆ ಹತ್ತಿರದ್ದು ಗೋವಾದ ದಾಬೋಲಿಂ, ಸುಮಾರು 90 ಕಿ.ಮೀ. 2023ರ ಜನವರಿಯಲ್ಲಿ ತೆರೆದ ಮೋಪಾ ಅದಕ್ಕಿಂತ ದೂರ, ಪಣಜಿ ದಾಟಿ ಉತ್ತರಕ್ಕೆ ಹೋಗಬೇಕು. ಟಿಕೆಟಿನಲ್ಲಿ ಬರೀ ‘ಗೋವಾ’ ಎಂದು ಓದಿ ಹೊರಡಬೇಡಿ, ದಾಬೋಲಿಮ್ಮಿನ ಕೋಡ್ ‘ಜಿಓಐ’, ಮೋಪಾದ್ದು ‘ಜಿಓಎಕ್ಸ್’. ಭಟ್ಕಳ, ಹೊನ್ನಾವರದವರಿಗೆ ಮಂಗಳೂರಿನ ಬಜ್ಪೆಯೇ ಸರಿ. ಭಟ್ಕಳದಿಂದ ಸುಮಾರು 145 ಕಿ.ಮೀ., ಕೊಲ್ಲಿಗೆ ನೇರ ವಿಮಾನವೂ ಅಲ್ಲಿಂದ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಹೆಚ್ಚಾಗಿ ಬೆಂಗಳೂರಿಗೆ ಹೋಗುತ್ತಾರೆ, ಸುಮಾರು 400 ಕಿ.ಮೀ. ಹುಬ್ಬಳ್ಳಿಯಿಂದ ದೇಶದೊಳಗಿನ ವಿಮಾನ ಹಿಡಿದು ಬೆಂಗಳೂರು ಇಲ್ಲವೇ ಮುಂಬೈಯಲ್ಲಿ ಬದಲಿಸಬಹುದು. ಆದರೆ ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ ಕೊಳ್ಳಿ. ಬೇರೆ ಬೇರೆ ಕೊಂಡರೆ ಹುಬ್ಬಳ್ಳಿಯ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಯಾರೂ ಹೊಣೆ ಹೊರುವುದಿಲ್ಲ.

ನಿರ್ಬಂಧದ ಕಾಲದಲ್ಲಿ ಹತ್ತಿರದ ನಿಲ್ದಾಣವೇ ಒಳ್ಳೆಯದು ಎಂಬ ಮಾತು ನಿಲ್ಲುವುದಿಲ್ಲ. ಗೋವಾ ಹತ್ತಿರ, ನಡುವೆ ರಾಜ್ಯದ ಗಡಿ ಇದೆ. 2021ರ ಎರಡನೆಯ ಅಲೆಯಲ್ಲಿ ಮಾಜಾಳಿ ದಾಟಿ ಪೋಳೆಂ ಚೆಕ್‌ಪೋಸ್ಟಿನಲ್ಲಿ ಗೋವಾದವರು ನೆಗೆಟಿವ್ ವರದಿ ಕೇಳುತ್ತಿದ್ದರು, ವಾಪಸ್ ಬರುವಾಗ ಕರ್ನಾಟಕದ ಕಡೆಯಲ್ಲೂ ತಪಾಸಣೆ. ಪ್ರಯಾಣಿಕರ ಕೈಯಲ್ಲಿ ವರದಿ, ಟಿಕೆಟ್ ಎರಡೂ ಇರುತ್ತದೆ. ಗಾಡಿ ಓಡಿಸುವವರ ಕೈಯಲ್ಲಿ ಇರುವುದಿಲ್ಲ. ಬಾಡಿಗೆ ಕಾರು ಗೊತ್ತು ಮಾಡುವಾಗಲೇ ಚಾಲಕರ ವರದಿ, ಲಸಿಕೆ ಪತ್ರ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಅವರ ಪರೀಕ್ಷೆಯ ಖರ್ಚನ್ನೂ ನೀವೇ ಲೆಕ್ಕಕ್ಕೆ ಹಿಡಿಯಿರಿ, ಅದು ನ್ಯಾಯ ಕೂಡ.

ಮೂರನೆಯ ವಿಷಯ, ನಿಲ್ದಾಣದಲ್ಲಿ ಬೇಕಾದ ಸೌಲಭ್ಯ ಇದೆಯೇ ಎಂಬುದು. 2021ರ ಆಗಸ್ಟಿನಲ್ಲಿ ಯುಎಇ ತನ್ನ ನಿವಾಸಿ ವೀಸಾದವರಿಗೆ ಬಾಗಿಲು ತೆರೆದಾಗ, ಹೊರಡುವ ನಿಲ್ದಾಣದಲ್ಲೇ 4 ಗಂಟೆಯೊಳಗಿನ ಕ್ಷಿಪ್ರ ಪಿಸಿಆರ್ ಬೇಕು ಎಂದಿತು. ಆ ಯಂತ್ರ ಎಲ್ಲ ನಿಲ್ದಾಣಗಳಲ್ಲೂ ಮೊದಲ ದಿನದಿಂದ ಇರಲಿಲ್ಲ. ವಿಮಾನ ಇದ್ದೂ ಹತ್ತಲಾಗದ ಪರಿಸ್ಥಿತಿ ಅದು. ಟಿಕೆಟ್ ಕೊಳ್ಳುವ ಮೊದಲು ನಿಲ್ದಾಣದ ತಾಣದಲ್ಲಿ ಇದನ್ನು ನೋಡಿ.

ಗಂಟೆಗಳ ಲೆಕ್ಕ

ಇಲ್ಲಿ ನಿಧಾನವಾಗಿ ಓದಿ. ತಪ್ಪುವುದು ಹೆಚ್ಚಾಗಿ ಇಲ್ಲೇ.

48 ಗಂಟೆ, 72 ಗಂಟೆ ಎಂದಾಗ ಕೇಳಬೇಕಾದ ಪ್ರಶ್ನೆ ಎರಡು: ಎಲ್ಲಿಂದ, ಎಲ್ಲಿಗೆ? ಬಹುಪಾಲು ದೇಶಗಳಲ್ಲಿ ಗಡಿಯಾರ ಓಡಲು ಶುರುವಾಗುವುದು ಮೂಗಿಗೆ ಕಡ್ಡಿ ಹಾಕಿ ಮಾದರಿ ತೆಗೆದ ಕ್ಷಣದಿಂದ, ವರದಿ ಬಂದ ಹೊತ್ತಿನಿಂದ ಅಲ್ಲ. ನಿಲ್ಲುವುದು ಕೆಲವು ಕಡೆ ಮೊದಲ ವಿಮಾನ ಹೊರಡುವಾಗ, ಕೆಲವು ಕಡೆ ಕೊನೆಯ ವಿಮಾನ ಹೊರಡುವಾಗ, ಇನ್ನು ಕೆಲವು ಕಡೆ ಹೋಗಿ ಇಳಿದಾಗ. ಬೆಂಗಳೂರಿನಿಂದ ಹೊರಟು ನಡುವೆ ಹತ್ತು ಗಂಟೆ ಕಾದು ಮುಂದೆ ಹೋಗುವವರಿಗೆ ಇದು ಅರ್ಧ ದಿನದ ವ್ಯತ್ಯಾಸ. ‘ಒಂದು ದಿನ’ ಎಂದರೆ 24 ಗಂಟೆ ಎಂದೂ ಅಲ್ಲ. ಅಮೆರಿಕ 2021ರ ಡಿಸೆಂಬರ್ 6ರಿಂದ ಕೇಳಿದ್ದು ಹೊರಡುವ ದಿನದ ಹಿಂದಿನ ತಾರೀಕಿನ ಪರೀಕ್ಷೆ. ಶನಿವಾರ ರಾತ್ರಿ ವಿಮಾನ ಇದ್ದರೆ ಶುಕ್ರವಾರ ಬೆಳಿಗ್ಗೆ ಕೊಟ್ಟ ಮಾದರಿಯೂ ನಡೆಯುತ್ತಿತ್ತು. ಗಂಟೆ ಲೆಕ್ಕ ಹಾಕಿ ಹೆದರಿ, ಇನ್ನೊಂದು ಪರೀಕ್ಷೆ ಮಾಡಿಸಿಕೊಂಡು ದುಡ್ಡು ಕಳೆದವರು ಬಹಳ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಭಟ್ಕಳದಿಂದ ದುಬೈಗೆ, ಮಂಗಳೂರಿನಿಂದ ಶನಿವಾರ ರಾತ್ರಿ 10ಕ್ಕೆ ವಿಮಾನ. ಆಗಿನ ನಿಯಮ: 48 ಗಂಟೆಯೊಳಗಿನ ಆರ್‌ಟಿ-ಪಿಸಿಆರ್, ಜೊತೆಗೆ ನಿಲ್ದಾಣದಲ್ಲಿ 6 ಗಂಟೆಯೊಳಗಿನ ಕ್ಷಿಪ್ರ ಪರೀಕ್ಷೆ. (ಮೊದಲು 4 ಇದ್ದದ್ದು ಆಮೇಲೆ 6 ಆಯಿತು.)

ಹಿಂದಕ್ಕೆ ಎಣಿಸಿ. ಕ್ಷಿಪ್ರ ಪರೀಕ್ಷೆ ಸಂಜೆ 4ಕ್ಕಿಂತ ಮೊದಲು ಮಾಡಿಸಿದರೆ ನಡೆಯುವುದಿಲ್ಲ. ಕೌಂಟರ್ ಮುಚ್ಚುವುದಕ್ಕೆ ಹತ್ತಿರ ಹೋದರೆ ಫಲಿತಾಂಶ ಬರುವುದಿಲ್ಲ. ಆದ್ದರಿಂದ 3.30ಕ್ಕೆ ನಿಲ್ದಾಣದ ಬಾಗಿಲಲ್ಲಿ ಇರಬೇಕು. ರಸ್ತೆಗೆ ಮೂರು ಗಂಟೆ, ಟ್ರಾಫಿಕ್, ಪಂಚರ್, ಮಳೆಗೆ ಇನ್ನೊಂದೂವರೆ. ಮನೆ ಬಿಡಬೇಕಾದ್ದು 11ಕ್ಕೆ. ಆಗ ಆರ್‌ಟಿ-ಪಿಸಿಆರ್ ವರದಿ ಕೈಯಲ್ಲಿರಬೇಕು. 48 ಗಂಟೆ ಹಿಂದಕ್ಕೆ ಹೋದರೆ ಗುರುವಾರ ರಾತ್ರಿ 10. ಆ ಹೊತ್ತಿಗೆ ನಮ್ಮೂರುಗಳಲ್ಲಿ ಮಾದರಿ ತೆಗೆಯುವ ಯಾವ ಕೇಂದ್ರವೂ ತೆರೆದಿರುವುದಿಲ್ಲ. ಗುರುವಾರ ಸಂಜೆ 5ಕ್ಕೆ ಕೊಟ್ಟರೆ ಐದು ಗಂಟೆಯಷ್ಟು ಹಳತಾಯಿತು, ಹತ್ತಿಸುವುದಿಲ್ಲ. ಉಳಿದದ್ದು ಶುಕ್ರವಾರ ಬೆಳಿಗ್ಗೆ ಒಂದೇ. 8 ಗಂಟೆಗೆ ಕೊಟ್ಟರೆ ವರದಿಗೆ ಶನಿವಾರ 11ರ ತನಕ 27 ಗಂಟೆ ಸಿಗುತ್ತದೆ. ವಿಮಾನ ಹತ್ತು ಗಂಟೆ ತಡವಾದರೂ, ಅಂದರೆ ಭಾನುವಾರ ಬೆಳಿಗ್ಗೆ 8ರ ತನಕ, ವರದಿ ಜೀವಂತ. ಶುಕ್ರವಾರ ಸಂಜೆ ಕೊಟ್ಟರೆ ವಿಮಾನ ತಡವಾದರೆ ಅನುಕೂಲ, ಆದರೆ ವರದಿ ಬಾರದೆ ಹೋಗುವ ಭಯ. ಬೆಳಿಗ್ಗೆ ಮೊದಲ ಸರದಿಯೇ ನಮ್ಮ ಸಲಹೆ.

ಈ 27 ಗಂಟೆ ಸಾಲುವುದು ಪ್ರಯೋಗಾಲಯ ಎಲ್ಲಿದೆ ಎಂಬುದರ ಮೇಲೆ. ಪಿಸಿಆರ್ ಯಂತ್ರಕ್ಕೆ ಬೇಕಾದ್ದು ಕೆಲವೇ ಗಂಟೆ. ಹೊತ್ತು ಹೋಗುವುದು ದಾರಿಯಲ್ಲಿ, ಮತ್ತು ಒಂದು ಸರದಿಗೆ ಸಾಕಾಗುವಷ್ಟು ಮಾದರಿ ಕೂಡಲಿ ಎಂದು ಕಾಯುವುದರಲ್ಲಿ. ತಾಲೂಕಿನಲ್ಲಿ ‘ಲ್ಯಾಬ್’ ಎಂದು ಬೋರ್ಡು ಇದ್ದ ಮಾತ್ರಕ್ಕೆ ಅಲ್ಲಿ ಪರೀಕ್ಷೆ ನಡೆಯುತ್ತದೆ ಎಂದಲ್ಲ. ಹಲವು ಕಡೆ ಮಾದರಿ ಸಂಗ್ರಹ ಮಾತ್ರ, ಕೊಳವೆ ಐಸ್ ಪೆಟ್ಟಿಗೆಯಲ್ಲಿ ಕೂತು ಹುಬ್ಬಳ್ಳಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತದೆ. ಕೋವಿಡ್ ಕಾಲದಲ್ಲಿ ಘಟ್ಟದ ಮೇಲಿನ ತಾಲೂಕುಗಳ ಸರ್ಕಾರಿ ಮಾದರಿ ಕಾರವಾರದ ವೈದ್ಯಕೀಯ ಕಾಲೇಜು ಕ್ರಿಮ್ಸ್‌ಗೆ ಘಟ್ಟ ಇಳಿದು ಹೋಗಬೇಕಿತ್ತು. ಕೊಡುವ ಮೊದಲು ಮೂರು ಮಾತು ಕೇಳಿ: ಯಂತ್ರ ಯಾವ ಊರಿನಲ್ಲಿದೆ? ಈ ದಿನದ ಗಾಡಿ ಎಷ್ಟು ಗಂಟೆಗೆ ಹೊರಡುತ್ತದೆ? ಭಾನುವಾರ, ಹಬ್ಬದ ದಿನ ವರದಿ ಬರುತ್ತದೆಯೇ?

ಶಿರಸಿ ಕಡೆಯವರಿಗೆ ನೇರವಾಗಿ ಹೇಳುವುದಾದರೆ, 72 ಗಂಟೆಯ ನಿಯಮ ಇದ್ದರೆ ಊರಿನಲ್ಲೇ ಕೊಡಬಹುದು. 48 ಅಥವಾ 24 ಆದರೆ ಒಂದು ದಿನ ಮೊದಲೇ ಬೆಂಗಳೂರಿಗೆ ಹೋಗಿ ಅಲ್ಲೇ ಪರೀಕ್ಷೆ ಮಾಡಿಸಿ. ಒಂದು ರಾತ್ರಿಯ ಕೋಣೆ ಬಾಡಿಗೆ, ತಪ್ಪಿದ ಟಿಕೆಟಿಗಿಂತ ಬಹಳ ಅಗ್ಗ.

ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ, ಲೆಕ್ಕಕ್ಕೆ ಇನ್ನೊಂದು ದಿನ ಸೇರಿಸಿ. 2021ರ ಜುಲೈಯಲ್ಲಿ ಅರಬೈಲ್, ಅಣಶಿ ಘಟ್ಟಗಳಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಕಾರವಾರದಿಂದ ಸಂಜೆ ಹೊರಟು ಬೆಳಿಗ್ಗೆ ಬೆಂಗಳೂರು ಮುಟ್ಟುವ ಪಂಚಗಂಗಾ ರೈಲು ಅನುಕೂಲವೇ, ಆದರೆ ಸುಬ್ರಹ್ಮಣ್ಯ–ಸಕಲೇಶಪುರ ಘಟ್ಟದಲ್ಲಿ ಮಣ್ಣು ಕುಸಿದರೆ ಅದೂ ನಿಲ್ಲುತ್ತದೆ. ವಿಮಾನ ಇರುವ ದಿನವೇ ಬೆಂಗಳೂರು ಮುಟ್ಟುವಂತೆ ರೈಲು ಹಿಡಿಯಬೇಡಿ.

ಮಾದರಿ ಕೊಡುವಾಗ, ವರದಿ ಬಂದಾಗ

ಗಂಟಲ ಮಾದರಿ ತೆಗೆಯುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬೇಡಿ, ಕುಡಿಯಬೇಡಿ. ಕವಳ ಹಾಕುವವರು ಬೆಳಿಗ್ಗೆಯಿಂದಲೇ ಬಿಡಿ. ಎಲೆ-ಅಡಿಕೆ ರಸ ತುಂಬಿದ ಬಾಯಿಯಿಂದ ಒಳ್ಳೆಯ ಮಾದರಿ ಸಿಗುವುದಿಲ್ಲ. ಮಾದರಿ ಕಡಿಮೆಯಾದರೂ, ಕೊಳವೆ ಸೋರಿದರೂ ಬರುವ ಉತ್ತರ ನೆಗೆಟಿವೂ ಅಲ್ಲ, ಪಾಸಿಟಿವೂ ಅಲ್ಲ: ‘ಅನಿರ್ಣೀತ’ ಅಥವಾ ‘ಮಾದರಿ ತಿರಸ್ಕೃತ’. ಮತ್ತೆ ಕೊಡಲು ಹೊತ್ತು ಇರುವುದಿಲ್ಲ.

ಹೆಸರು ಬರೆಸುವಾಗ ಪಾಸ್‌ಪೋರ್ಟನ್ನೇ ಮೇಜಿನ ಮೇಲೆ ತೆರೆದಿಡಿ. ‘ಪರದೇಶಕ್ಕೆ ಹೋಗಲಿಕ್ಕೆ’ ಎಂದು ಮೊದಲೇ ಹೇಳಿ. ಸರ್ಕಾರಿ ಕೇಂದ್ರದ ಉಚಿತ ಪರೀಕ್ಷೆಯಲ್ಲಿ ಆಗ ಎಸ್‌ಆರ್‌ಎಫ್ ಎಂಬ ಮಾದರಿಯ ಗುರುತಿನ ಸಂಖ್ಯೆಯೊಂದಿಗೆ ಮೊಬೈಲಿಗೆ ಸಂದೇಶ ಬರುತ್ತಿತ್ತು. ಊರೊಳಗೆ ಅದು ಸಾಕಿತ್ತು, ಕೌಂಟರಿನಲ್ಲಿ ಸಾಲುತ್ತಿರಲಿಲ್ಲ.

ವರದಿ ಬಂದ ಕೂಡಲೇ ಫಲಿತಾಂಶ ನೋಡಿ ಖುಷಿಪಟ್ಟು ಮುಚ್ಚಿಡಬೇಡಿ. ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿ. ಹೆಸರು ಪಾಸ್‌ಪೋರ್ಟಿನಂತೆ ಇದೆಯೇ? ಸಂಖ್ಯೆಯಲ್ಲಿ ಸೊನ್ನೆ ಇರುವಲ್ಲಿ ‘ಓ’ ಅಕ್ಷರ ಬಿದ್ದಿದೆಯೇ? ಜನ್ಮದಿನಾಂಕದಲ್ಲಿ ದಿನ ಮೊದಲೋ ತಿಂಗಳು ಮೊದಲೋ? ಅದರ ಕೆಳಗೆ ಮೂರು ಹೊತ್ತು ಇರುತ್ತದೆ: ಮಾದರಿ ತೆಗೆದದ್ದು, ಪ್ರಯೋಗಾಲಯ ಮುಟ್ಟಿದ್ದು, ವರದಿ ಕೊಟ್ಟದ್ದು. ಮೊದಲನೆಯದು ಇಲ್ಲದೆ ಬರೀ ‘ನೋಂದಣಿ’ ಹೊತ್ತು ಇದ್ದರೆ ಸರಿಮಾಡಿಸಿ. ದಿನಾಂಕ ಇದ್ದು ಗಂಟೆ ಇಲ್ಲದಿದ್ದರೂ ಸರಿಮಾಡಿಸಿ, ಏಕೆಂದರೆ ಗಂಟೆ ಇಲ್ಲದ ದಿನಾಂಕವನ್ನು ಕೌಂಟರಿನಲ್ಲಿ ಆ ದಿನದ ಮಧ್ಯರಾತ್ರಿಯಿಂದಲೇ ಎಣಿಸಬಹುದು. ವಿಧಾನದ ಜಾಗದಲ್ಲಿ ಆರ್‌ಟಿ-ಪಿಸಿಆರ್ ಎಂದು ಇರಬೇಕು, ರ‍್ಯಾಪಿಡ್ ಆ್ಯಂಟಿಜೆನ್ ಬಹಳ ಕಡೆ ನಡೆಯುವುದಿಲ್ಲ. ಸಹಿ, ಮುದ್ರೆ, ಕೊನೆಗೆ ಕ್ಯೂಆರ್ ಕೋಡ್. ಆ ಕೋಡನ್ನು ಇನ್ನೊಂದು ಮೊಬೈಲಿನಿಂದ ಸ್ಕ್ಯಾನ್ ಮಾಡಿ, ಅದೇ ವರದಿ ತೆರೆಯುತ್ತದೆಯೇ ನೋಡಿ. ಮುದ್ರಿಸುವಾಗ ಕೋಡ್ ಮಸಿ ಹರಡಿ ಕಪ್ಪಾದರೆ ಬೇರೆ ಅಂಗಡಿಯಲ್ಲಿ ಮುದ್ರಿಸಿ. ಪ್ಲಾಸ್ಟಿಕ್ ಹೊದಿಸುವುದು ಬೇಡ, ಹೊಳಪಿಗೆ ಸ್ಕ್ಯಾನ್ ಆಗುವುದಿಲ್ಲ.

ಮಕ್ಕಳ ವಯಸ್ಸಿನ ಮಿತಿ ಒಂದೊಂದು ದೇಶಕ್ಕೆ ಒಂದೊಂದು. ಭಾರತಕ್ಕೆ ಬರುವಾಗ 5 ವರ್ಷದೊಳಗಿನವರಿಗೆ, ಅಮೆರಿಕಕ್ಕೆ 2 ವರ್ಷದೊಳಗಿನವರಿಗೆ, ಯುಎಇಗೆ 12 ವರ್ಷದೊಳಗಿನವರಿಗೆ ಪರೀಕ್ಷೆಯ ವಿನಾಯಿತಿ ಇತ್ತು. ಒಂದು ದೇಶದ ವಿನಾಯಿತಿಯನ್ನು ನಂಬಿ ಇನ್ನೊಂದಕ್ಕೆ ಹೊರಡಬೇಡಿ.

ಪಾಸಿಟಿವ್ ಬಂದರೆ

ಟಿಕೆಟನ್ನು ವಿಮಾನ ಹೊರಡುವ ಮೊದಲೇ ಮುಂದೂಡಿ. ಹೊರಟ ಮೇಲೆ ಹೇಳಿದರೆ ‘ಬಾರದ ಪ್ರಯಾಣಿಕ’ ಎಂದು ದಾಖಲಾಗಿ ಹಣ ಹೋಗುತ್ತದೆ. ಇನ್ನೊಂದು ಪ್ರಯೋಗಾಲಯದ ನೆಗೆಟಿವ್ ವರದಿ ಹಿಡಿದು ಹತ್ತಲು ನೋಡಬೇಡಿ. ಮೊದಲಿನ ಫಲಿತಾಂಶ ಸರ್ಕಾರದ ದಾಖಲೆ ಸೇರಿರುತ್ತದೆ, ಜೊತೆಗೆ ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಯಾರದೋ ವಯಸ್ಸಾದ ತಾಯಿ ಕೂತಿರುತ್ತಾರೆ.

ಗುಣವಾದ ಮೇಲೂ ಒಂದು ಸಿಕ್ಕು ಇದೆ. ಆರ್‌ಟಿ-ಪಿಸಿಆರ್ ಹುಡುಕುವುದು ವೈರಾಣುವಿನ ಆನುವಂಶಿಕ ತುಣುಕನ್ನು. ಸೋಂಕು ಹರಡುವ ಶಕ್ತಿ ಹೋದ ಮೇಲೂ ಆ ತುಣುಕು ವಾರಗಟ್ಟಲೆ ಉಳಿಯಬಹುದು, ವರದಿ ಮತ್ತೆ ಪಾಸಿಟಿವ್ ಬರಬಹುದು. ಆದ್ದರಿಂದ ಮೊದಲ ಪಾಸಿಟಿವ್ ವರದಿಯನ್ನು ಹರಿದು ಹಾಕಬೇಡಿ. ಅಮೆರಿಕದಂಥ ದೇಶ 90 ದಿನದೊಳಗಿನ ಪಾಸಿಟಿವ್ ವರದಿ ಮತ್ತು ಪ್ರಯಾಣ ಮಾಡಬಹುದೆಂಬ ವೈದ್ಯರ ಪತ್ರವನ್ನು ಪರೀಕ್ಷೆಯ ಬದಲಿಗೆ ಒಪ್ಪುತ್ತಿತ್ತು. ಎಲ್ಲರೂ ಒಪ್ಪುವುದಿಲ್ಲ, ಕೇಳಿ ನೋಡಿ.

ಕೊಲ್ಲಿಯ ನಿವಾಸಿ ವೀಸಾದವರು ಊರಿನಲ್ಲಿ ಸಿಕ್ಕಿಕೊಂಡರೆ ಆರು ತಿಂಗಳ ಮಿತಿಯನ್ನು ನೆನಪಿನಲ್ಲಿಡಿ. ಯುಎಇಯಲ್ಲಿ ಸಾಮಾನ್ಯವಾಗಿ 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ನಿವಾಸ ಪರವಾನಗಿ ಬಿದ್ದುಹೋಗುತ್ತದೆ. ಕೋವಿಡ್ ಕಾಲದಲ್ಲಿ ಸಡಿಲಿಸಿದ್ದರು, ಆದರೆ ಮರಳುವ ಮುಂಚೆ ದುಬೈ ವೀಸಾದವರು ಅಲ್ಲಿನ ವಲಸೆ ಇಲಾಖೆ ಜಿಡಿಆರ್‌ಎಫ್‌ಎಯ, ಉಳಿದ ಎಮಿರೇಟ್‌ನವರು ಯುಎಇಯ ಕೇಂದ್ರ ಪ್ರಾಧಿಕಾರ ಐಸಿಎಯ ಅನುಮತಿ ತೆಗೆಯಬೇಕಿತ್ತು. ಹಡಗಿನ ಕೆಲಸಕ್ಕೆ ಸೇರುವವರು ಸಿಡಿಸಿ (ನಾವಿಕರ ದಾಖಲೆ) ಪುಸ್ತಕದ ಜೊತೆ ಕಂಪನಿಯ ಪತ್ರ ಇಟ್ಟುಕೊಳ್ಳಿ, ‘ಓಕೆ ಟು ಬೋರ್ಡ್’ (ವಿಮಾನ ಹತ್ತಿಸಬಹುದು) ಸಂದೇಶ ಟಿಕೆಟಿಗೆ ಸೇರಿದೆಯೇ ಎಂದು ಹೊರಡುವ ಹಿಂದಿನ ದಿನ ಏಜೆಂಟರಿಂದ ಖಚಿತ ಮಾಡಿಕೊಳ್ಳಿ.

ಕೈಚೀಲ ಮತ್ತು ನಿಲ್ದಾಣ

ಮೊಬೈಲಿನಲ್ಲಿ ಎಲ್ಲ ಇದೆ ಎಂದು ನಂಬಬೇಡಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಲಸಿಕೆ ಪತ್ರ, ವರದಿ, ಹೋಗಿ ಉಳಿಯುವ ವಿಳಾಸ, ವಿಮೆ ಎಲ್ಲವೂ ಕಾಗದದಲ್ಲಿ ಎರಡೆರಡು ಪ್ರತಿ, ಕೇಳುವ ಅನುಕ್ರಮದಲ್ಲಿ ಒಂದು ಫೈಲಿನಲ್ಲಿ ಇರಲಿ. ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿಯೇ ಹೊರಡಿ. ಅಲ್ಲಿ ಇಳಿದ ಮೇಲೆ ಬ್ಯಾಂಕಿನ, ಕೋವಿನ್‌ನ ಓಟಿಪಿ ಬರುವುದು ಇದೇ ಸಂಖ್ಯೆಗೆ. ಹೊಸ ಸಿಮ್ ಹಾಕುವ ಗಡಿಬಿಡಿಯಲ್ಲಿ ಇದನ್ನು ತೆಗೆದು ಎಲ್ಲೋ ಇಟ್ಟರೆ ಎಲ್ಲವೂ ನಿಲ್ಲುತ್ತದೆ.

ಔಷಧಿಯನ್ನು ಲೆಕ್ಕಕ್ಕಿಂತ 14 ದಿನ ಹೆಚ್ಚು ಒಯ್ಯಿರಿ, ಕ್ವಾರಂಟೈನ್ ಬಿದ್ದರೆ ಕೋಣೆಯಿಂದ ಹೊರಗೆ ಬರಲಾಗದು. ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಔಷಧದ ಮೂಲ ಹೆಸರಿನೊಂದಿಗೆ ಇರಲಿ. ಟ್ರಾಮಡಾಲ್, ಕೋಡೀನ್ ಇರುವ ಮಾತ್ರೆ, ಕೆಮ್ಮಿನ ಸಿರಪ್ಪುಗಳಿಗೆ ಕೊಲ್ಲಿ ದೇಶಗಳಲ್ಲಿ ಕಟ್ಟುನಿಟ್ಟು ಇದೆ, ಮುಂಚಿತ ಅನುಮತಿ ಬೇಕು. ಮನೆಯವರು ಪ್ರೀತಿಯಿಂದ ಕಟ್ಟುವ ಗಂಟಿನಲ್ಲಿ ಗಸಗಸೆ ಇದ್ದರೆ ಯುಎಇಗೆ ಹೋಗುವವರು ತೆಗೆದಿಡಲೇಬೇಕು, ಅಲ್ಲಿ ಅದು ನಿಷಿದ್ಧ. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಎರಡು ಪದರ ಪ್ಲಾಸ್ಟಿಕ್ ಕಟ್ಟಿ ಇಡಿ. ಒಣ ಕೊಬ್ಬರಿಯನ್ನು ಚೆಕ್‌ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ, ಎಣ್ಣೆಯಂಶದಿಂದ ಬೆಂಕಿ ಹತ್ತುವ ವಸ್ತುಗಳ ಪಟ್ಟಿಯಲ್ಲಿದೆ.

ನಿರ್ಬಂಧ ಇದ್ದಾಗ ಸಾಮಾನ್ಯವಾಗಿ ಹೇಳುವ ಮೂರು ಗಂಟೆ ಸಾಲದು, ಐದು ಗಂಟೆ ಮೊದಲೇ ಹೋಗಿ. ಬ್ಯಾಗ್ ಕೊಡುವ ಸಾಲು ಅಷ್ಟೇ ಉದ್ದ ಇರುತ್ತದೆ, ಆದರೆ ಒಬ್ಬೊಬ್ಬರ ಕಾಗದ ನೋಡಲು ಮೂರು ಪಟ್ಟು ಹೊತ್ತು ಹೋಗುತ್ತದೆ.

ಮರಳಿ ಬರುವಾಗ

ಹೋಗುವ ಚಿಂತೆಯಲ್ಲಿ ಇದನ್ನು ಯಾರೂ ಓದಿಕೊಳ್ಳುವುದಿಲ್ಲ. ಏರ್ ಸುವಿಧಾದಂಥ ಅರ್ಜಿಯಲ್ಲಿ ಸೀಟು ಸಂಖ್ಯೆ ಕೇಳುತ್ತಿದ್ದರು, ಹಾಗಾಗಿ ವೆಬ್ ಚೆಕ್‌ಇನ್ ಮೊದಲು, ಅರ್ಜಿ ಆಮೇಲೆ. ವರದಿ, ಪಾಸ್‌ಪೋರ್ಟ್ ಪ್ರತಿಗಳು ಪಿಡಿಎಫ್ ಆಗಿ, ಸಣ್ಣ ಗಾತ್ರದಲ್ಲಿ ಇರಬೇಕು. ಮೊಬೈಲಿನಲ್ಲಿ ತೆಗೆದ ಫೋಟೊ ನೇರವಾಗಿ ಹಾಕಲು ಹೋಗಿ ವಿಮಾನದ ಬಾಗಿಲಲ್ಲಿ ಬೆವರುವುದು ಬೇಡ, ಊರಿನಲ್ಲಿರುವಾಗಲೇ ಪಾಸ್‌ಪೋರ್ಟಿನ ಸಣ್ಣ ಪಿಡಿಎಫ್ ಮಾಡಿಟ್ಟುಕೊಳ್ಳಿ.

ಇಳಿದಲ್ಲಿ ಪರೀಕ್ಷೆ ಬಿದ್ದರೆ ಫಲಿತಾಂಶ ಬರುವ ತನಕ ಮುಂದಿನ ವಿಮಾನ, ರೈಲು ಹಿಡಿಯಲಾಗದು. 2021ರ ಡಿಸೆಂಬರಿನಲ್ಲಿ ಒಮಿಕ್ರಾನ್ ಭಯದಿಂದ ‘ಅಪಾಯದ ದೇಶ’ಗಳಿಂದ ಬಂದವರೆಲ್ಲ ನಿಲ್ದಾಣದಲ್ಲೇ ಕಾಯಬೇಕಾಗಿತ್ತು, ಆಮೇಲೆ ಮನೆಯಲ್ಲಿ 7 ದಿನ. ಆದ್ದರಿಂದ ಬೆಂಗಳೂರಿನಲ್ಲಿ ಇಳಿದ ದಿನ ಸಂಜೆಯ ಪಂಚಗಂಗಾಕ್ಕೆ ಟಿಕೆಟ್ ಮಾಡಬೇಡಿ, ಮರುದಿನದ್ದು ಮಾಡಿ. ಕರೆದುಕೊಂಡು ಹೋಗಲು ಊರಿನಿಂದ ಕಾರು ಬರುವುದಿದ್ದರೆ ಒಬ್ಬರೇ ಬರಲಿ. ಇಡೀ ಮನೆಯವರು ಬಂದರೆ ಅವರೆಲ್ಲ ಸಂಪರ್ಕಿತರ ಪಟ್ಟಿಗೆ ಸೇರುತ್ತಾರೆ. ಮನೆ ಕ್ವಾರಂಟೈನ್‌ಗೆ ಬೇರೆ ಶೌಚಾಲಯ ಇರುವ ಕೋಣೆ ಬೇಕು. ಹಳೆಯ ಮನೆಗಳಲ್ಲಿ ಹಿತ್ತಲಿನ ಒಂದೇ ಬಚ್ಚಲು ಎಲ್ಲರಿಗೂ ಇರುತ್ತದೆ. ಅಂಥ ಕಡೆ ಏಳು ದಿನ ಬೇರೆ ವ್ಯವಸ್ಥೆ ಎಲ್ಲಿ ಎಂದು ವಿಮಾನ ಹತ್ತುವ ಮೊದಲೇ ಫೋನಿನಲ್ಲಿ ಮಾತಾಡಿ ಇತ್ಯರ್ಥ ಮಾಡಿಕೊಳ್ಳಿ.

ಹಣ ವಾಪಸ್

ವಿಮಾನವನ್ನು ಕಂಪನಿಯೇ ರದ್ದು ಮಾಡಿದ್ದೋ, ನೀವು ಮಾಡಿದ್ದೋ ಎಂಬುದರ ಮೇಲೆ ಎಲ್ಲ ನಿಂತಿದೆ. ರದ್ದಾಗುವ ಸುಳಿವು ಸಿಕ್ಕಿತೆಂದು ಅವಸರದಲ್ಲಿ ನೀವೇ ರದ್ದು ಒತ್ತಿದರೆ ಶುಲ್ಕ ಕಡಿತವಾಗುತ್ತದೆ. ಮೊದಲ ಲಾಕ್‌ಡೌನಿನಲ್ಲಿ ರದ್ದಾದ ಟಿಕೆಟ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಆದೇಶ ಕೊಟ್ಟಿತು. ಅದರ ಪ್ರಕಾರ ಏಜೆಂಟರ ಮೂಲಕ ಕೊಂಡ ಟಿಕೆಟ್ಟಿನ ಹಣ ಕಂಪನಿಯಿಂದ ಏಜೆಂಟರ ಖಾತೆಗೆ ಹೋಗುತ್ತದೆ, ಅಲ್ಲಿಂದ ನಿಮಗೆ. ಕಂಪನಿಗೆ ಕರೆ ಮಾಡಿದರೆ ‘ಕೊಟ್ಟಾಗಿದೆ’ ಎನ್ನುತ್ತಾರೆ, ಅದು ಸುಳ್ಳಲ್ಲ. ಹಣ ಬಿಡುಗಡೆಯಾದ ದಿನಾಂಕ ಮತ್ತು ಮೊತ್ತವನ್ನು ಕಂಪನಿಯಿಂದ ಇಮೇಲಿನಲ್ಲಿ ಬರೆಸಿಕೊಂಡು, ಅದನ್ನೇ ಏಜೆಂಟರ ಮುಂದಿಡಿ. ವಿಮೆ ಇದ್ದವರು ಪಾಲಿಸಿಯಲ್ಲಿ ಸಾಂಕ್ರಾಮಿಕದ ಕಾರಣದ ರದ್ದತಿ ಮತ್ತು ಕ್ವಾರಂಟೈನ್ ಹೋಟೆಲಿನ ಖರ್ಚು ಸೇರಿದೆಯೇ ಎಂದು ಕೊಳ್ಳುವಾಗಲೇ ಓದಿ. ಆಸ್ಪತ್ರೆ ಖರ್ಚು ಕೊಡುವ ಪಾಲಿಸಿ ಹೋಟೆಲ್ ಖರ್ಚು ಕೊಡಲೇಬೇಕೆಂದಿಲ್ಲ. ಬೋರ್ಡಿಂಗ್ ಪಾಸ್, ಪರೀಕ್ಷೆಯ ರಸೀದಿ, ಹೋಟೆಲ್ ಬಿಲ್ಲುಗಳನ್ನು ಪರಿಹಾರ ಕೈಗೆ ಬರುವ ತನಕ ಅದೇ ಫೈಲಿನಲ್ಲಿ ಇಡಿ. ಬೋರ್ಡಿಂಗ್ ಪಾಸಿನ ಮಸಿ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಮನೆ ಮುಟ್ಟಿದ ದಿನವೇ ಅದರ ಜೆರಾಕ್ಸ್ ಮಾಡಿಸಿ.